ಗುಳೇದಗುಡ್ಡದ ಮಾಳಿಗೆ ಮತ್ತು ಯು-ವ್ಯಾಲ್ಯೂ

ಗುಳೇದಗುಡ್ಡ ಅಂದ್ರೆ ಖಣ. ಆದರೆ ಆ ಖಣ ನೇಯ್ದ ಮನೆಗಳ ಬಗ್ಗೆ ನಾವು ಅಷ್ಟು ಮಾತಾಡೋದಿಲ್ಲ. ದಪ್ಪ ಗೋಡೆ, ತೊಲೆ-ಜಂತಿಗಳ ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ, ಒಳಗೆ ಕುಣಿಮಗ್ಗ. ಈಗ ಇಂಥ ಮನೆ ಕೆಡವಿ ಸ್ಲ್ಯಾಬ್ ಹಾಕಿಸೋದು ಸಾಮಾನ್ಯ. ಆಮೇಲೆ ಫ್ಯಾನು, ಕೂಲರು, ಕರೆಂಟ್ ಬಿಲ್ಲು.

ನಮ್ಮ ಹೀಟ್ ಟ್ರಾನ್ಸ್‌ಫರ್ ಪಾಠವನ್ನೇ ಇಲ್ಲಿ ಹಚ್ಚಿ ನೋಡೋಣ. 10 ಸೆಂ.ಮೀ. ಕಾಂಕ್ರೀಟು, ಉಷ್ಣವಾಹಕತೆ ಸುಮಾರು 1.58. ರೋಧ 0.06. ಮೇಲಿನ-ಕೆಳಗಿನ ಗಾಳಿಪದರದ ರೋಧ 0.21 ಕೂಡಿಸಿ ತಿರುವಿದರೆ ಯು-ವ್ಯಾಲ್ಯೂ ಸುಮಾರು 3.7. ಇನ್ನು ಒಂದೂವರೆ ಅಡಿ, ಅಂದರೆ 45 ಸೆಂ.ಮೀ. ಮಣ್ಣು, ವಾಹಕತೆ 0.6 ಅಂತ ಹಿಡಿಯೋಣ. ಯು-ವ್ಯಾಲ್ಯೂ 1.04! ಹೊಸ ಮನೆಗಳಿಗೆ ಅಂತ 2018ರಲ್ಲಿ ಬಂದ ಇಕೋ-ನಿವಾಸ್ ಸಂಹಿತೆ ಚಾವಣಿಗೆ ಕೊಟ್ಟ ಮಿತಿ 1.2. ಅಜ್ಜನ ಮಾಳಿಗೆ ಪಾಸು, ಮೊಮ್ಮಗನ ಸ್ಲ್ಯಾಬು ನಪಾಸು. ಇನ್ನೊಂದು ಮಾತು: ಮಧ್ಯಾಹ್ನದ ಬಿಸಿ ಸ್ಲ್ಯಾಬ್ ದಾಟಲು ಎರಡು-ಮೂರು ತಾಸು ಸಾಕು. ಮಣ್ಣಿನಲ್ಲಿ ಹನ್ನೆರಡು ತಾಸಿಗೂ ಹೆಚ್ಚು ಬೇಕು, ಅಷ್ಟರಲ್ಲಿ ಅದರ ಸೊಕ್ಕೂ ಇಳಿದಿರುತ್ತದೆ.

ಹಾಗಾದರೆ ಮಂದಿ ಯಾಕೆ ಕೆಡವುತ್ತಾರೆ? "ಮಾಳಿಗಿ ಸೋರತೈತ್ರಿ" ಅನ್ನೋದು ಸುಳ್ಳಲ್ಲ. 2019ರ ಆಗಸ್ಟ್ ಮಳೆ-ಪ್ರವಾಹದಲ್ಲಿ ನಮ್ಮ ಜಿಲ್ಲೆಯಲ್ಲಿ ಬಿದ್ದ ಮಣ್ಣಿನ ಮನೆಗಳನ್ನು ಕಂಡವರಿಗೆ ಯು-ವ್ಯಾಲ್ಯೂ ಹೇಳಿದರೆ ನಗುತ್ತಾರೆ. ಭಾರದ ಲೆಕ್ಕವೂ ಅವರ ಕಡೆಗೇ ಇದೆ: 45 ಸೆಂ.ಮೀ. ಮಣ್ಣು ಚದರ ಮೀಟರಿಗೆ ಮುಕ್ಕಾಲು ಟನ್ನು, ನೆನೆದರೆ ಇನ್ನೂ ಜಾಸ್ತಿ. ಸೋರಿದಾಗೆಲ್ಲ ಮೇಲೆ ಮತ್ತೊಂದು ಪದರ ಮಣ್ಣು ಹಾಕುವುದರಿಂದ ತೊಲೆ ಬಾಗುತ್ತದೆ.

ಇಲ್ಲೇ ಎಂಜಿನಿಯರ್ ಕೆಲಸ ಇರೋದು. ಲೆಕ್ಕ ಹಿಂದಿನಿಂದ ಮಾಡಿದರೆ 1.2ಕ್ಕೆ 38 ಸೆಂ.ಮೀ. ಮಣ್ಣು ಸಾಕು. 7 ಸೆಂ.ಮೀ. ತೆಗೆದರೆ 20 ಚದರ ಮೀಟರಿನ ಖೋಲಿಯ ಮೇಲಿನ ಭಾರ ಎರಡು ಟನ್ನಿಗೂ ಹೆಚ್ಚು ಇಳಿಯುತ್ತದೆ. ಆದರೆ ಮೊದಲು ತೊಲೆಗೆ ಗೆದ್ದಲು ಹತ್ತಿದೆಯೋ ನೋಡಬೇಕು, ಮಳೆನೀರು ಇಳಿಯಲು ಸರಿಯಾದ ಇಳಿಜಾರು ಕೊಡಬೇಕು, ಮೇಲೆ ಸುಣ್ಣದ ಗಾರೆ. ಗೋಡೆ ಮೇಲೆ ಸಿಮೆಂಟ್ ಪ್ಲಾಸ್ಟರ್ ಮಾತ್ರ ಬೇಡ. ಒಳಗಿನ ತೇವ ಹೊರಹೋಗದೆ ಮಣ್ಣು ಸಡಿಲಾಗುತ್ತದೆ. ಈಗಾಗಲೇ ಸ್ಲ್ಯಾಬ್ ಹಾಕಿಸಿದವರು ಬೇಸಿಗೆಗೆ ಮುಂಚೆ ಮೇಲೆ ಸುಣ್ಣ ಬಳಿಯಲಿ, ಅದಕ್ಕಿಂತ ಅಗ್ಗದ ಉಪಾಯ ನಮಗಂತೂ ಗೊತ್ತಿಲ್ಲ.

ಬಾದಾಮಿಯಲ್ಲಿ ಕಾನೂನಾದರೂ ಇದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ದುರಸ್ತಿಗೂ ಅನುಮತಿ ಬೇಕು. ನೇಕಾರರ ಸಾಮಾನ್ಯ ಮನೆಗೆ ಅಂಥ ಕಾವಲಿಲ್ಲ, ನಿರ್ಧಾರ ಮನೆಯವರದ್ದೇ.

ಅವರಿಗೆ ಮಗ್ಗದ ಲೆಕ್ಕವೂ ಮುಖ್ಯ. ಕುಣಿಮಗ್ಗದ ತೆಗ್ಗಿನ ತಂಪು, ತೇವ ನೂಲು ಹರಿಯದಂತೆ ಕಾಯುತ್ತದೆ. ಕಾದ ಸ್ಲ್ಯಾಬಿನ ಕೆಳಗೆ ಫ್ಯಾನು ಜೋರು ಬಿಟ್ಟರೆ ಎಳೆ ಒಣಗಿ ಪಟಪಟ ಹರಿಯುತ್ತದೆ. ಫ್ಯಾನು ಬೇಕೇ ಬೇಕೆಂದರೆ 75 ವ್ಯಾಟಿನದ್ದರ ಬದಲು 28 ವ್ಯಾಟಿನ ಬಿಎಲ್‌ಡಿಸಿ ಹಾಕಬಹುದು. ಎರಡು ಫ್ಯಾನು ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ ಸುಮಾರು 34 ಯೂನಿಟ್ ಉಳಿತಾಯ. ಬೆಳಕಿಂಡಿಗೆ ತಗಡು ಮುಚ್ಚುವ ಬದಲು ತೆರೆದು ಮುಚ್ಚುವ ಗಾಜಿನ ಮುಚ್ಚಳ ಕೂಡಿಸಿದರೆ ಹಗಲಿನ ಟ್ಯೂಬ್‌ಲೈಟೂ ಆರುತ್ತದೆ.