ಲಾರಿಯಿಂದ ಇಳಿದ ಕರಿ ಆಯಿಲ್ ಎಲ್ಲಿಗೆ ಹೋಗಬೇಕು?

ಬಳ್ಳಾರಿ, ಹೊಸಪೇಟೆ, ರಾಯಚೂರಿನಿಂದ ಆಂಧ್ರದ ಕರಾವಳಿಗೆ ಸರಕು ಸಾಗಿಸುವ ಲಾರಿಯವರಿಗೆ ವಿಜಯವಾಡದ ಜವಾಹರ್ ಆಟೋನಗರ ಹೊಸ ಜಾಗವೇನಲ್ಲ. ಟೈರು, ಬಾಡಿ, ಎಂಜಿನ್ ಯಾವುದರ ಕೆಲಸವಿದ್ದರೂ ಅಲ್ಲಿ ಆಗುತ್ತದೆ. ದೊಡ್ಡ ಲಾರಿಯೊಂದರ ಎಂಜಿನ್ ಆಯಿಲ್ ಬದಲಿಸಿದರೆ ಹದಿನೈದು ಲೀಟರಿಗೂ ಹೆಚ್ಚು ಹಳೆ ಎಣ್ಣೆ ಇಳಿಯುತ್ತದೆ. ಹೊಸ ಆಯಿಲ್ ಯಾವ ಕಂಪನಿಯದು, ಲೀಟರಿಗೆ ಎಷ್ಟು ಎಂದು ಎಲ್ಲರೂ ವಿಚಾರಿಸುತ್ತಾರೆ. ಹಳೆಯದು ಯಾರ ಪಾಲಾಯಿತು ಎಂದು ಕೇಳುವವರು ಕಡಿಮೆ.

ಇನ್ನು ಆ ಪ್ರಶ್ನೆ ಕೇಳಲೇಬೇಕು. ಅಪಾಯಕಾರಿ ತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳಿಗೆ ಕೇಂದ್ರ ಪರಿಸರ ಸಚಿವಾಲಯ 2023ರ ಸೆಪ್ಟೆಂಬರಿನಲ್ಲಿ ತಿದ್ದುಪಡಿ ತಂದು, ಬಳಸಿದ ಎಣ್ಣೆಯ ಹೊಣೆಯನ್ನು ಅದನ್ನು ತಯಾರಿಸಿ ಮಾರಿದವರ ಹೆಗಲಿಗೂ ಏರಿಸಿತು. 2024ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಉತ್ಪಾದಕರ ವಿಸ್ತೃತ ಹೊಣೆಗಾರಿಕೆ, ಚುಟುಕಾಗಿ ಇಪಿಆರ್, ಎನ್ನುವುದು ಇದನ್ನೇ. ಕೇಂದ್ರದ ನಿಯಮವಾದ್ದರಿಂದ ವಿಶಾಖಪಟ್ಟಣಕ್ಕೆ ಹೇಗೋ ಮಂಗಳೂರಿಗೂ ಹಾಗೆಯೇ. ಮೇಲ್ವಿಚಾರಣೆ ಮಾತ್ರ ಅಲ್ಲಿ ಆಂಧ್ರಪ್ರದೇಶ ಮಾಲಿನ್ಯ ನಿಯಂತ್ರಣ ಮಂಡಳಿಯದು, ಇಲ್ಲಿ ಕರ್ನಾಟಕದ ಮಂಡಳಿಯದು.

ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು?

ವಿಶಾಖಪಟ್ಟಣದ ಉತ್ತರಕ್ಕೆ ಇರುವ ಭೀಮುನಿಪಟ್ಟಣವನ್ನು ಅಲ್ಲಿಯವರು ಭೀಮಿಲಿ ಎನ್ನುತ್ತಾರೆ. ಗೋಸ್ತನಿ ನದಿ ಸಮುದ್ರ ಸೇರುವ ಊರು, 1861ರಲ್ಲೇ ಪುರಸಭೆಯಾಗಿತ್ತು. ಈ ಕರಾವಳಿಯ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ದಡಕ್ಕೆ ಎಳೆದಿಟ್ಟ ಫೈಬರ್ ದೋಣಿಯ ತಳದಲ್ಲಿ ಸಮುದ್ರದ ನೀರಿಗೆ ಎಂಜಿನ್ನಿನ ಎಣ್ಣೆ ಬೆರೆತು ನಿಂತಿರುತ್ತದೆ. ಅದನ್ನು ಡಬ್ಬಿಯಲ್ಲಿ ಮೊಗೆದು ಮರಳಿಗೆ ಚೆಲ್ಲಿದರೆ ಮುಂದಿನ ಅಲೆ ಅಷ್ಟನ್ನೂ ಒಳಗೆ ಎಳೆದುಕೊಳ್ಳುತ್ತದೆ, ನೀರಿನ ಮೇಲೆ ಬಣ್ಣಬಣ್ಣದ ಪೊರೆಯೊಂದು ಹರಡಿಕೊಳ್ಳುತ್ತದೆ. ಒಂದು ಗ್ಯಾಲನ್ ಹಳೆ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕ.

ಇದೇ ಎಣ್ಣೆಯನ್ನು ಸರಿಯಾಗಿ ಸಂಸ್ಕರಿಸಿದರೆ ಮತ್ತೆ ಲೂಬ್ರಿಕೆಂಟ್ ಆಗುತ್ತದೆ. ಎಂಜಿನ್ನಿನೊಳಗೆ ಎಣ್ಣೆ ಸವೆದು ಹೋಗುವುದಿಲ್ಲ. ಮಸಿ, ಲೋಹದ ಪುಡಿ, ನೀರು ಸೇರಿ ಕೊಳಕಾಗುತ್ತದೆ, ಅದಕ್ಕೆ ಬೆರೆಸಿದ್ದ ರಾಸಾಯನಿಕಗಳು ಶಕ್ತಿ ಕಳೆದುಕೊಳ್ಳುತ್ತವೆ. ಅದೇ ಅಮೆರಿಕದ ಸಂಸ್ಥೆಯ ಪ್ರಕಾರ, 42 ಗ್ಯಾಲನ್ ಕಚ್ಚಾ ತೈಲದಿಂದ ಸಿಗುವಷ್ಟೇ ಲೂಬ್ರಿಕೇಟಿಂಗ್ ಎಣ್ಣೆ, ಅಂದರೆ ಸುಮಾರು ಎರಡೂಕಾಲು ಲೀಟರ್, ಕೇವಲ ಒಂದು ಗ್ಯಾಲನ್ ಹಳೆ ಎಣ್ಣೆಯಿಂದ ಸಿಗುತ್ತದೆ. ಕಚ್ಚಾ ತೈಲಕ್ಕೆ ಹೊರದೇಶಗಳನ್ನೇ ನೆಚ್ಚಿಕೊಂಡಿರುವ ನಾವು ಇಂಥದ್ದನ್ನು ಇಟ್ಟಿಗೆ ಗೂಡಿಗೆ, ಕುಲುಮೆಗೆ, ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೊಡುವುದು ಶುದ್ಧ ನಷ್ಟದ ವ್ಯವಹಾರ. ಸುಟ್ಟಾಗ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಹೊಗೆಯ ಜೊತೆ ಹೊರಬೀಳುತ್ತವೆ. ಆ ಹೊಗೆ ಕುಡಿಯುವವರು ಗೂಡಿನ ಪಕ್ಕದಲ್ಲೇ ಬದುಕುವ ಕೂಲಿಕಾರರು.

ಮೊದಲ ಕೆಲಸ: ಯಾವ ಎಣ್ಣೆ ಎಂದು ಗುರುತಿಸಿ

ಎಂಜಿನ್, ಗೇರು, ಹೈಡ್ರಾಲಿಕ್, ಟರ್ಬೈನ್, ಕಂಪ್ರೆಸರ್, ಟ್ರಾನ್ಸ್‌ಫಾರ್ಮರ್ ಎಣ್ಣೆಗಳು ಮರುಸಂಸ್ಕರಣೆಗೆ ಯೋಗ್ಯವಾಗಿದ್ದರೆ ನಿಯಮದ ಪ್ರಕಾರ ‘ಬಳಸಿದ ಎಣ್ಣೆ’. ಹಡಗು, ರಿಫೈನರಿ, ತೈಲ ಟ್ಯಾಂಕುಗಳಿಂದ ಬರುವ ಸೋರಿಕೆ, ಕೆಸರು, ನೀರು ಬೆರೆತ ಎಣ್ಣೆ ‘ತ್ಯಾಜ್ಯ ಎಣ್ಣೆ’. ಎರಡಕ್ಕೂ ದಾರಿ ಬೇರೆ. ಬಂದರು ಮತ್ತು ರಿಫೈನರಿ ಎರಡೂ ಇರುವ ವಿಶಾಖಪಟ್ಟಣದಂಥ ಊರಿನಲ್ಲಿ ಈ ವ್ಯತ್ಯಾಸ ತಿಳಿದಿರಲೇಬೇಕು. ಬಳಸಿದ ಎಣ್ಣೆ ಎನ್ನಿಸಿಕೊಳ್ಳಲು ಮಿತಿಗಳೂ ಇವೆ: ಸೀಸ 100 ಪಿಪಿಎಂ, ಆರ್ಸೆನಿಕ್ 5 ಪಿಪಿಎಂ, ಪಿಸಿಬಿ 2 ಪಿಪಿಎಂ ದಾಟುವಂತಿಲ್ಲ. ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಹಳೆಯ ಟ್ರಾನ್ಸ್‌ಫಾರ್ಮರುಗಳಲ್ಲಿ ಇದ್ದೀತು. ಆದ್ದರಿಂದ ಆ ಎಣ್ಣೆಯನ್ನು ಪರೀಕ್ಷೆ ಮಾಡಿಸದೆ ಬೇರೆ ಡ್ರಮ್ಮಿಗೆ ಸುರಿಯಬೇಡಿ.

ಅಡುಗೆಯಲ್ಲಿ ಕರಿದುಳಿದ ಎಣ್ಣೆ ಈ ನಿಯಮಕ್ಕೆ ಬರುವುದಿಲ್ಲ. ಅದನ್ನು ನೋಡಿಕೊಳ್ಳುವುದು ಆಹಾರ ಸುರಕ್ಷತಾ ಪ್ರಾಧಿಕಾರ.

ಗ್ಯಾರೇಜಿನವರು ಮತ್ತು ದೋಣಿಯವರು

ಎಣ್ಣೆ ಬದಲಿಸುವ ಗ್ಯಾರೇಜು ಕೂಡ ನಿಯಮದ ದೃಷ್ಟಿಯಲ್ಲಿ ಅಪಾಯಕಾರಿ ತ್ಯಾಜ್ಯ ಹುಟ್ಟುವ ಜಾಗವೇ. ರಾಜ್ಯ ಮಂಡಳಿಗೆ ನಮೂನೆ 1ರಲ್ಲಿ ಅರ್ಜಿ ಹಾಕಿ ಅನುಮತಿ ಪಡೆಯಬೇಕು.

ಆಮೇಲಿನ ಕೆಲಸವೆಲ್ಲ ಡ್ರಮ್ಮಿನದು. ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದೂ ಅದೇ. ಮುಚ್ಚಳ ಕತ್ತರಿಸಿ ಬಾಯಿ ತೆರೆದಿಟ್ಟ ಡ್ರಮ್ಮು ಗ್ಯಾರೇಜುಗಳಲ್ಲಿ ಸಾಮಾನ್ಯ ನೋಟ. ಮಳೆ ಬಂದರೆ ನೀರು ಭಾರವಾದ್ದರಿಂದ ತಳಕ್ಕಿಳಿಯುತ್ತದೆ, ಎಣ್ಣೆ ಮೇಲೆ ತೇಲಿ ಅಂಚು ಮೀರಿ ಚರಂಡಿಗೆ ಹರಿಯುತ್ತದೆ. 2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ತಗ್ಗು ಬಡಾವಣೆಗಳು ಮುಳುಗಿದ್ದವು. ಅಂಥ ಊರಿನಲ್ಲಿ ಡ್ರಮ್ಮು ಎತ್ತರದ ಸಿಮೆಂಟ್ ಕಟ್ಟೆಯ ಮೇಲೆ, ಸೂರಿನ ಕೆಳಗೆ, ಬಿಗಿ ಮುಚ್ಚಳದೊಂದಿಗೆ, ಸೋರಿದರೆ ಹಿಡಿಯುವ ಟ್ರೇ ಒಳಗೆ ಇರಬೇಕು. ಸೈಕ್ಲೋನಿನ ಸೂಚನೆ ಬಂದಾಗ ಡ್ರಮ್ಮನ್ನು ಕಟ್ಟಿ ಹಾಕಿ.

ಡ್ರಮ್ಮಿಗೆ ಹಳದಿ ಚೀಟಿ ಅಂಟಿಸಬೇಕು. ಅಪಾಯಕಾರಿ ತ್ಯಾಜ್ಯ, ಎಚ್ಚರದಿಂದ ನಿರ್ವಹಿಸಿ ಎಂಬ ಮಾತುಗಳು ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ ಕೆಂಪಕ್ಷರದಲ್ಲಿರಬೇಕು. ನಮೂನೆ 8 ಎಂದರೆ ಇದೇ.

ಬ್ರೇಕ್ ಆಯಿಲ್, ಕೂಲೆಂಟ್, ಪೆಟ್ರೋಲು, ಥಿನ್ನರ್ ಯಾವುದನ್ನೂ ಅದೇ ಡ್ರಮ್ಮಿಗೆ ಸೇರಿಸಬೇಡಿ. ಒಂದು ಮಗ್ಗು ಥಿನ್ನರ್ ಬಿದ್ದರೂ ಸಾಕು, ಮರುಸಂಸ್ಕರಣಾ ಘಟಕದವರು ಇಡೀ ಡ್ರಮ್ಮನ್ನು ಬೇಡವೆಂದಾರು. ದೋಣಿಯ ತಳದ ನೀರು ಬೆರೆತ ಎಣ್ಣೆಗೂ ಬೇರೆ ಡಬ್ಬಿ ಇಡಿ. ಆಯಿಲ್ ಫಿಲ್ಟರನ್ನು ಬಿಸಿಯಿದ್ದಾಗಲೇ ತೂತು ಮಾಡಿ, ರಾತ್ರಿಯಿಡೀ ಬೋರಲು ಹಾಕಿ ಬಸಿಯಲು ಬಿಡಿ. ಎಣ್ಣೆ ಒರೆಸಿದ ಬಟ್ಟೆ ಮತ್ತು ಮರದ ಪುಡಿಯನ್ನು ಊರಿನ ಕಸದ ಗಾಡಿಗೆ ಹಾಕುವಂತಿಲ್ಲ.

ಎಷ್ಟು ದಿನ ಇಟ್ಟುಕೊಳ್ಳಬಹುದು? ಸಾಮಾನ್ಯ ಮಿತಿ 90 ದಿನ. ವರ್ಷಕ್ಕೆ 10 ಟನ್‌ಗಿಂತ ಕಡಿಮೆ ತ್ಯಾಜ್ಯ ಹುಟ್ಟುವ ಸಣ್ಣ ಘಟಕಗಳಿಗೆ ಮಂಡಳಿ ಇದನ್ನು 180 ದಿನಕ್ಕೆ ವಿಸ್ತರಿಸಬಹುದು. ಎಷ್ಟು ಬಂತು, ಎಷ್ಟು ಕೊಟ್ಟೆವು ಎಂಬುದನ್ನು ನಮೂನೆ 3ರಲ್ಲಿ ದಿನದಿನ ಬರೆದಿಟ್ಟು, ಪ್ರತಿವರ್ಷ ಜೂನ್ 30ರೊಳಗೆ ನಮೂನೆ 4ರಲ್ಲಿ ವರದಿ ಸಲ್ಲಿಸಬೇಕು.

ಯಾರಿಗೆ ಕೊಡಬೇಕು?

ನಿಯಮದ ಗೆಲುವು ಸೋಲು ಇರುವುದು ಇಲ್ಲಿಯೇ. ಸೈಕಲ್ಲಿನಲ್ಲೋ ಆಟೋದಲ್ಲೋ ಬಂದು ಕೈಗೆ ನಗದು ಕೊಟ್ಟು ಒಯ್ಯುವವನಿಗೆ ಡ್ರಮ್ಮು ಕೊಡುವುದು ಸುಲಭ. ಆದರೆ ಆತ ನೋಂದಾಯಿತನಲ್ಲದಿದ್ದರೆ ನಿಮ್ಮ ಎಣ್ಣೆ ಲೆಕ್ಕದಿಂದಲೇ ಮಾಯವಾಗುತ್ತದೆ. ನೋಂದಣಿಯಿಲ್ಲದ ಸಣ್ಣ ಘಟಕಗಳ ಹಳೆಯ ವಿಧಾನವೆಂದರೆ ಎಣ್ಣೆಗೆ ಗಂಧಕಾಮ್ಲ ಸುರಿದು ಜೇಡಿಯಲ್ಲಿ ಸೋಸುವುದು. ಕೊನೆಗೆ ಉಳಿಯುವ ಆಮ್ಲದ ಕೆಸರು ಎಣ್ಣೆಗಿಂತಲೂ ಅಪಾಯಕಾರಿ. ನಿಯಮ ಒಪ್ಪುವುದು ನಿರ್ವಾತ ಬಟ್ಟಿ ಇಳಿಸುವಿಕೆ, ತೆಳುಪದರ ಆವೀಕರಣದಂಥ ತಂತ್ರಗಳನ್ನು.

ಆದ್ದರಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಇಪಿಆರ್ ಪೋರ್ಟಲಿನಲ್ಲಿ ಬಳಸಿದ ಎಣ್ಣೆಯ ವಿಭಾಗ ತೆರೆದು, ಸಂಗ್ರಾಹಕನ ಅಥವಾ ಮರುಸಂಸ್ಕರಣಾ ಘಟಕದ ನೋಂದಣಿ ನೋಡಿಕೊಳ್ಳಿ. 2023ರ ತಿದ್ದುಪಡಿಯಲ್ಲಿ ‘ಸಂಗ್ರಹಣಾ ಏಜೆಂಟ್’ ಎಂಬ ವರ್ಗವೂ ಇದೆ. ಈಗ ಬೀದಿ ಬೀದಿ ಸುತ್ತಿ ಎಣ್ಣೆ ಎತ್ತುವವರು ನೋಂದಾಯಿಸಿಕೊಂಡು ಇದೇ ಕೆಲಸವನ್ನು ಕಾನೂನಿನ ಒಳಗೇ ಮಾಡಬಹುದು. ಅವರನ್ನು ಓಡಿಸುವುದಕ್ಕಿಂತ ಒಳಗೆ ಕರೆದುಕೊಳ್ಳುವುದು ಜಾಣತನ. ಆಟೋನಗರದ ಓಣಿ ಓಣಿಯೂ ಅವರಿಗೆ ಗೊತ್ತು. ಆಂಧ್ರದಲ್ಲಿ ತ್ಯಾಜ್ಯ ಕೊಡುವವರನ್ನೂ ಕೊಳ್ಳುವವರನ್ನೂ ಜೋಡಿಸಲು ರಾಜ್ಯದ ಪರಿಸರ ನಿರ್ವಹಣಾ ನಿಗಮ ಆನ್‌ಲೈನ್ ವಿನಿಮಯ ವೇದಿಕೆ ಮಾಡಿದೆ. ಮರುಬಳಕೆಗೆ ಬಾರದ ಎಣ್ಣೆ ಕೆಸರಿಗೆ ವಿಶಾಖಪಟ್ಟಣದ ಹತ್ತಿರ ಪರವಾಡದ ಫಾರ್ಮಾ ಸಿಟಿಯಲ್ಲಿ ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಘಟಕವಿದೆ.

ಎಣ್ಣೆ ಸಾಗಿಸುವಾಗ ನಮೂನೆ 10ರ ಮ್ಯಾನಿಫೆಸ್ಟ್, ಅಂದರೆ ಸಾಗಣೆ ಚೀಟಿ, ಬೇಕು. ಕೊಟ್ಟವರು, ಸಾಗಿಸಿದವರು, ಪಡೆದವರು ಮೂವರ ಬಳಿಯೂ ಅದರ ಪ್ರತಿ ಇರಬೇಕು. ಘಟಕ ಸಹಿ ಹಾಕಿ ಹಿಂದಿರುಗಿಸುವ ಪ್ರತಿ ಕೈಸೇರುವ ತನಕ ಬೆನ್ನುಬಿಡಬೇಡಿ.

ಬ್ರ್ಯಾಂಡಿನವರ ಪಾಲು

ಉತ್ಪಾದಕರೆಂದರೆ ಸರ್ವೊ, ಎಚ್‌ಪಿ, ಮ್ಯಾಕ್, ಕ್ಯಾಸ್ಟ್ರಾಲ್‌ನಂಥ ದೊಡ್ಡ ಹೆಸರುಗಳಷ್ಟೇ ಅಲ್ಲ. ಬೇಸ್ ಆಯಿಲ್ ಕೊಂಡು, ಬೆರೆಸಿ, ಸ್ವಂತ ಹೆಸರಿನ ಡಬ್ಬಿಯಲ್ಲಿ ಮಾರುವ ಸಣ್ಣ ಉದ್ಯಮಿಯೂ, ಹೊರದೇಶದಿಂದ ಲೂಬ್ರಿಕೆಂಟ್ ತರಿಸುವವರೂ ಉತ್ಪಾದಕರೇ. ಕರ್ನಾಟಕದ ಕೈಗಾರಿಕಾ ಪ್ರದೇಶಗಳಲ್ಲಿ ಇಂಥವರಿದ್ದರೆ ಗಮನಿಸಬೇಕು.

ಅವರು ಮೊದಲು ಕೇಂದ್ರ ಮಂಡಳಿಯ ಪೋರ್ಟಲಿನಲ್ಲಿ ನೋಂದಾಯಿಸಿಕೊಳ್ಳಬೇಕು. ಬಳಿಕ ಮಾರಿದ ಅಥವಾ ಆಮದು ಮಾಡಿದ ಎಣ್ಣೆಯ ನಿಗದಿತ ಪಾಲಿನಷ್ಟು ಹಳೆ ಎಣ್ಣೆ ಮರುಬಳಕೆಯಾದದ್ದಕ್ಕೆ ಪುರಾವೆ ಒದಗಿಸಬೇಕು. ಈ ಗುರಿ 2024-25ಕ್ಕೆ ಶೇ 5, 2025-26ಕ್ಕೆ ಶೇ 10; ಹೀಗೆ ಏರುತ್ತ ಶೇ 50 ಮುಟ್ಟುತ್ತದೆ. 1,000 ಟನ್ ಲೆಕ್ಕಕ್ಕೆ ಬರುವ ಕಂಪನಿಗೆ ಮೊದಲ ವರ್ಷ 50 ಟನ್, ಎರಡನೆಯ ವರ್ಷ 100 ಟನ್. ಬಳಸಿದ ಎಣ್ಣೆಯನ್ನೇ ಆಮದು ಮಾಡುವವರ ಹೊಣೆ ಶೇ 100.

ಪುರಾವೆ ಎಂದರೆ ಇಪಿಆರ್ ಪ್ರಮಾಣಪತ್ರ. ನೋಂದಾಯಿತ ಘಟಕ ಮರುಸಂಸ್ಕರಿಸಿದ ಪ್ರಮಾಣಕ್ಕೆ ತಕ್ಕಂತೆ ಇದು ಪೋರ್ಟಲಿನಲ್ಲಿ ಹುಟ್ಟುತ್ತದೆ, ಉತ್ಪಾದಕರು ಕೊಳ್ಳುತ್ತಾರೆ. ಗುರಿ ತಪ್ಪಿದರೆ, ಸುಳ್ಳು ಪ್ರಮಾಣಪತ್ರ ತೋರಿಸಿದರೆ ಪರಿಸರ ಪರಿಹಾರ ತೆರಬೇಕು; ತೆತ್ತರೂ ಗುರಿಯ ಹೊಣೆ ತಪ್ಪುವುದಿಲ್ಲ. ಪರಿಸರ ಸಂರಕ್ಷಣಾ ಕಾಯ್ದೆಯಡಿ 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ವಿಧಿಸಲೂ ಅವಕಾಶವಿದೆ.

ಈ ವ್ಯವಸ್ಥೆಯ ಬಗ್ಗೆ ನನಗೊಂದು ಆತಂಕವಿದೆ. ಪ್ರಮಾಣಪತ್ರ ಕೊಂಡ ಹಣ ಮರುಸಂಸ್ಕರಣಾ ಘಟಕದಲ್ಲೇ ನಿಂತುಬಿಟ್ಟರೆ ಗ್ಯಾರೇಜಿನ ಹುಡುಗನಿಗೆ ಏನೂ ಸಿಗುವುದಿಲ್ಲ. ಕುಲುಮೆಯವನು ಹೆಚ್ಚು ಕೊಟ್ಟರೆ ಎಣ್ಣೆ ಅಲ್ಲಿಗೇ ಹೋಗುತ್ತದೆ. ಕಂಪನಿಗಳು ತಮ್ಮ ಡೀಲರುಗಳ ಮೂಲಕವೇ, ಹೊಸ ಎಣ್ಣೆ ಇಳಿಸಿದ ಗಾಡಿಯಲ್ಲೇ ಹಳೆಯದನ್ನು ನ್ಯಾಯವಾದ ದರಕ್ಕೆ ಎತ್ತಬೇಕು. ಭೀಮಿಲಿಯಂಥ ಸಣ್ಣ ಮೀನುಗಾರಿಕಾ ದಡಕ್ಕೆ ವಾರಕ್ಕೊಮ್ಮೆಯಾದರೂ ಸಂಗ್ರಹ ಗಾಡಿ ಬರದಿದ್ದರೆ, ನಾಲ್ಕೈದು ಲೀಟರ್ ಎಣ್ಣೆ ಹೊತ್ತು ದೋಣಿಯವನು ವಿಶಾಖಪಟ್ಟಣದವರೆಗೆ ಹೋಗಬೇಕೆನ್ನುವುದು ನ್ಯಾಯವಲ್ಲ.

ಲಾರಿ ಮಾಲೀಕರು, ಕಾರಿನವರು, ಬೈಕಿನವರು ಮಾಡಬೇಕಾದದ್ದು ಇಷ್ಟೇ: ಮುಂದಿನ ಸಲ ಆಯಿಲ್ ಬದಲಿಸಿದಾಗ ಬಿಲ್ಲು ಕೊಡುವ ಮೊದಲು, ಹಳೆ ಎಣ್ಣೆ ಯಾರಿಗೆ ಕೊಡುತ್ತೀರಿ ಎಂದು ಕೇಳಿ. ಮ್ಯಾನಿಫೆಸ್ಟ್ ತೋರಿಸಬಲ್ಲ ಗ್ಯಾರೇಜಿಗೇ ಮತ್ತೆ ಹೋಗಿ.