ಹತ್ತು ಕೆಲಸ, ಒಂದೇ ಮನಸ್ಸು



ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ತಾಳವಾಡಿ ಸೀಮೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅರಿಶಿನ ಅಗೆಯಬೇಕು, ಬೇಯಿಸಬೇಕು. ಎಲೆಕೋಸು ಮಾರುಕಟ್ಟೆಗೆ ಹೋಗಬೇಕು. ರಾತ್ರಿ ಆನೆ ಕಾವಲು. ನಡುವೆ ಶಿವರಾತ್ರಿ, ಮಕ್ಕಳ ಪರೀಕ್ಷೆ. ಅಂಗಡಿಯವರಿಗೆ ಉದ್ರಿ ವಸೂಲಿ ಮತ್ತು ಮಾರ್ಚ್ 31ರ ಲೆಕ್ಕ. "ತಲೆಯೇ ಓಡುತ್ತಿಲ್ಲ ಬುದ್ಧಿ" ಎಂಬ ಮಾತನ್ನು ಮಠಕ್ಕೆ ಬರುವವರ ಬಾಯಲ್ಲಿ ಈ ದಿನಗಳಲ್ಲಿ ಕೇಳುತ್ತಲೇ ಇರುತ್ತೇವೆ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಒಂದು ವರ್ಷ ಜಾತ್ರೆಯ ಗಡಿಬಿಡಿಯಲ್ಲಿ ಹಿರಿಯರೊಬ್ಬರು ದಾಸೋಹಕ್ಕೆ ಎರಡು ಸಾವಿರ ರೂಪಾಯಿ ಕೊಟ್ಟರು. ಅಷ್ಟರಲ್ಲಿ ಚಪ್ಪರದವರು ಕರೆದರು. ರಶೀದಿ ಆಮೇಲೆ ಬರೆದರಾಯಿತು ಎಂದು ಹಣವನ್ನು ಜೇಬಿಗೆ ಹಾಕಿಕೊಂಡು ಹೋದೆ. ಸಂಜೆ ಅವರು ರಶೀದಿ ಕೇಳಿದಾಗ ರೋಕಡದಲ್ಲಿ ಆ ಹಣವೇ ಇರಲಿಲ್ಲ. ಲೆಕ್ಕಕ್ಕೆ ಕೂತಿದ್ದ ಹುಡುಗನನ್ನು ಎಲ್ಲರೆದುರು ಕೇಳಿಬಿಟ್ಟೆ. ರಾತ್ರಿ ಅಂಗಿ ಕಳಚುವಾಗ ಹಣ ಸಿಕ್ಕಿತು. ಮರುದಿನ ಅವನ ಕ್ಷಮೆ ಕೇಳಿದೆ. ಆದರೂ ಅವನ ಆ ಹೊತ್ತಿನ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ. ಅಂದಿನಿಂದ ನಾನು ಪಾಲಿಸುತ್ತಿರುವ ಕೆಲವು ಮಾತುಗಳನ್ನು ತಮ್ಮ ಮುಂದೆ ಇಡುತ್ತೇನೆ.

1. ಎಲ್ಲವನ್ನೂ ಬರೆಯಿರಿ. ವ್ಯವಹಾರ ನಡೆದ ಕೂಡಲೇ ರೋಕಡಕ್ಕೆ, ವಿಂಗಡಣೆ ಆಮೇಲೆ ಖಾತೆಗೆ. ಇದು ಬಿ.ಕಾಂ.ನಲ್ಲಿ ಕಲಿತ ಪಾಠ. ಕೆಲಸಕ್ಕೂ ಇದೇ ಕ್ರಮ. ರಾತ್ರಿ ಊಟವಾದ ಮೇಲೆ ನಾಳೆಯ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ನೆನಪಿನಲ್ಲಿ ಹೊತ್ತ ಕೆಲಸವೇ ಹೆಚ್ಚು ಭಾರ.

2. ಯಾವುದು ಕೆಡುತ್ತದೆ ನೋಡಿ. ಅಗೆದ ಅರಿಶಿನವನ್ನು ಎರಡು ಮೂರು ದಿನದೊಳಗೆ ಬೇಯಿಸಬೇಕು. ಒಣಗಲು 10ರಿಂದ 15 ದಿನ ಬೇಕು. ಚೆನ್ನಾಗಿ ಒಣಗಿದ ಮೇಲೆ ಅದು ಕಾಯುತ್ತದೆ. ಈರೋಡಿನ ಧಾರಣೆಯನ್ನು ದಿನಕ್ಕೆ ನಾಲ್ಕು ಸಲ ವಿಚಾರಿಸುವುದು ಇಂದಿನ ಕೆಲಸವಲ್ಲ, ಕೊಪ್ಪರಿಗೆಯ ಮುಂದೆ ನಿಲ್ಲುವುದು ಇಂದಿನ ಕೆಲಸ. ಬ್ಯಾಂಕಿನ ಬೆಳೆ ಸಾಲದ ಗಡುವೂ ಕಾಯುವುದಿಲ್ಲ. ಮೂರು ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಶೇ. 7. ಗಡುವಿನೊಳಗೆ ಕಟ್ಟಿದವರಿಗೆ ಶೇ. 3 ರಿಯಾಯಿತಿ ಸಿಕ್ಕಿ ಶೇ. 4 ಮಾತ್ರ ಬೀಳುತ್ತದೆ. ಮರೆತ ಒಂದು ದಿನಾಂಕಕ್ಕೆ ತೆರುವ ಬೆಲೆ ಇದು.

3. ಹಿಡಿದದ್ದನ್ನು ಮುಗಿಸಿ. ಅರಿಶಿನ ಬೇಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ, ಸಾಲದಿದ್ದರೆ ಒಣಗಿದ ಮೇಲೆ ಪುಡಿಯಾಗಿ ಒಡೆಯುತ್ತದೆ. ಆ ಒಂದು ಗಂಟೆ ಮೊಬೈಲು ಮನೆಯವರ ಕೈಯಲ್ಲಿರಲಿ. ಅಂಗಡಿಯಲ್ಲಿ ಒಬ್ಬ ಗಿರಾಕಿಯ ಚೀಟಿ ಮುಗಿಯದೆ ಇನ್ನೊಬ್ಬರ ತಕ್ಕಡಿ ಹಿಡಿಯಬೇಡಿ.

4. ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾವಲಿದ್ದವರನ್ನು ಬೆಳಿಗ್ಗೆ ಕುದಿಯುವ ಕೊಪ್ಪರಿಗೆಯ ಬಳಿ ನಿಲ್ಲಿಸಬೇಡಿ, ವಾಹನದ ಚಕ್ರವನ್ನಂತೂ ಕೊಡಲೇಬೇಡಿ. ದಿಂಬಂ ಘಟ್ಟದಲ್ಲಿ 27 ತಿರುವುಗಳಿವೆ. 2022ರಲ್ಲಿ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಾಗಿನಿಂದ ಹೊತ್ತಿಗೆ ಮುಂಚೆ ಇಳಿಯುವ ಅವಸರವೂ ಸೇರಿದೆ. ನೆರೆಹೊಲದವರೊಂದಿಗೆ ಸರದಿ ಮಾಡಿಕೊಂಡರೆ ಎಲ್ಲರಿಗೂ ದಿನ ಬಿಟ್ಟು ದಿನವಾದರೂ ನಿದ್ದೆ ಸಿಗುತ್ತದೆ.

5. ಸಾಕು ಎನ್ನುವುದನ್ನು ಕಲಿಯಿರಿ. ಆಯ್ದಕ್ಕಿ ಮಾರಯ್ಯ ಶರಣರ ಕಥೆ ತಮಗೆ ತಿಳಿದದ್ದೇ. ಕಲ್ಯಾಣದಲ್ಲಿ ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಹಾಕಿ ಬನ್ನಿ ಎಂದು ತಾಯಿ ಲಕ್ಕಮ್ಮ ಹಿಂದಕ್ಕೆ ಕಳಿಸಿದರು. ಅಕ್ಕಿಯಂತೆಯೇ ಕೆಲಸವೂ. ಸಾಲದ ಕೈಗಳಿಗೆ ಇನ್ನೊಂದು ಎಕರೆ ಗುತ್ತಿಗೆ, ಇನ್ನೊಂದು ವ್ಯಾಪಾರ ಒಪ್ಪಿಕೊಳ್ಳುವ ಮುನ್ನ ಮನೆಯವರನ್ನು ಒಂದು ಮಾತು ಕೇಳಿ. ಆ ದುಡಿಮೆಯ ಅರ್ಧ ಭಾರ ಅವರ ತಲೆಯ ಮೇಲೆಯೇ ಬೀಳುತ್ತದೆ.

ಇಂದು ರಾತ್ರಿಯೇ ಒಂದು ಹಾಳೆ ತೆಗೆದುಕೊಳ್ಳಿ. ಬರೆದ ಮೇಲೆ, ನಾಳೆ ಕೆಟ್ಟುಹೋಗುವ ಕೆಲಸಕ್ಕೆ ಮಾತ್ರ ಗುರುತು ಹಾಕಿ. ಗುರುತು ಬಿದ್ದವು ಎರಡೋ ಮೂರೋ ಇರುತ್ತವೆ. ಹತ್ತು ಕೆಲಸಕ್ಕೆ ಹೆದರಿದ ಮನಸ್ಸು ಮೂರಕ್ಕೆ ಹೆದರುವುದಿಲ್ಲ.



– ಕಾರ್ಯದರ್ಶಿ