ಒಂದು–ಸೊನ್ನೆಯ ಲೆಕ್ಕ

ಬೆಂಗಳೂರು ಎಫ್‌ಸಿ ಅಭಿಮಾನಿಗೆ ಮಾರ್ಚ್ 17 ಅಂದ್ರೆ ಎರಡು ನೆನಪು. 2018ರ ಮಾರ್ಚ್ 17ರಂದು ನಮ್ಮದೇ ಕಂಠೀರವ ಮೈದಾನದಲ್ಲಿ ಚೆನ್ನೈಯಿನ್ ಎದುರು ಐಎಸ್‌ಎಲ್ ಫೈನಲ್. ಒಂಬತ್ತನೇ ನಿಮಿಷಕ್ಕೇ ಸುನಿಲ್ ಛೆಟ್ರಿ ಗೋಲು. ಆಮೇಲೆ ಎರಡು ಕಾರ್ನರ್ ಕಿಕ್, ಎರಡಕ್ಕೂ ಮೈಲ್ಸನ್ ಆಲ್ವೆಸ್ ಹೆಡ್ಡರ್. ಕೊನೆಗೆ 2–3ಕ್ಕೆ ಸೋತ್ವಿ. ಸರಿಯಾಗಿ ಒಂದು ವರ್ಷ ಕಳೆದು, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ಎದುರು ಫೈನಲ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಗೋವಾದ ಅಹ್ಮದ್ ಜಾಹೂಗೆ ರೆಡ್ ಕಾರ್ಡ್. 117ನೇ ನಿಮಿಷ, ದಿಮಾಸ್ ದೆಲ್ಗಾಡೊ ಒದ್ದ ಕಾರ್ನರ್, ರಾಹುಲ್ ಭೇಕೆ ತಲೆ, 1–0. ಕಪ್ಪು ಬೆಂಗಳೂರಿಗೆ.

ಮೊದಲ ಫೈನಲ್‌ನಲ್ಲಿ ಕೋಚ್ ಆಗಿದ್ದವರು ಆಲ್ಬರ್ಟ್ ರೋಕಾ, ಪಕ್ಕದಲ್ಲಿದ್ದ ಸಹಾಯಕ ಕಾರ್ಲೆಸ್ ಕ್ವಾಡ್ರಾಟ್. ಎರಡನೇ ಫೈನಲ್ ಹೊತ್ತಿಗೆ ಕ್ವಾಡ್ರಾಟ್ ಅವರೇ ಮುಖ್ಯ ಕೋಚ್. ಕಾರ್ನರ್‌ನಲ್ಲಿ ಕಳಕೊಂಡದ್ದನ್ನ ಕಾರ್ನರ್‌ನಲ್ಲೇ ವಾಪಸ್ ತಂದ ಮನುಷ್ಯ. ಹೀಗಿದ್ದರೂ ಅವರ ಹೆಸರು ಎತ್ತಿದ್ರೆ ಸದಾಶಿವನಗರದ ನಮ್ಮ ಪಿಜಿಯಲ್ಲಿ ಇವತ್ತಿಗೂ ಎರಡು ಪಾರ್ಟಿ. "ಮಗಾ, ಕಪ್ ಗೆದ್ವಲ್ಲ, ಇನ್ನೇನ್ ಬೇಕಿತ್ತು?" ಅನ್ನೋದು ಒಂದು. "ಗೆದ್ವಿ ಸರಿ, ಆದ್ರೆ ಮುಂದಿನ ವರ್ಷದ್ದು ಎಷ್ಟು ಮ್ಯಾಚ್ ಕಣ್ಬಿಟ್ಟು ನೋಡ್ದೆ ಹೇಳು?" ಅನ್ನೋದು ಇನ್ನೊಂದು. ನಾನು ಎರಡೂ ಪಾರ್ಟಿಯಲ್ಲಿದ್ದೀನಿ. ಈ ಇಬ್ಬಗೆಯ ಮನಸ್ಸಿಗೆ ಬರೀ ಭಾವನೆಯಲ್ಲ, ಲೆಕ್ಕದ ಆಧಾರವೂ ಇದೆ ಅಂತ ತೋರಿಸೋದು ಈ ಲೇಖನದ ಕೆಲಸ. ಬೇಕಾದ ಗಣಿತ ನಮ್ಮ ಸಿಲಬಸ್‌ನಲ್ಲೇ ಇದೆ.

ಮೊದಲು ಮಾತು ಸ್ಪಷ್ಟ ಮಾಡ್ಕೊಳ್ಳೋಣ. ಪ್ರಾಗ್ಮ್ಯಾಟಿಕ್ ಕೋಚ್ ಅಂದ್ರೆ ಆಟ ಚೆನ್ನಾಗಿ ಕಾಣ್ಬೇಕು ಅನ್ನೋದಕ್ಕಿಂತ ಫಲಿತಾಂಶ ಬರಬೇಕು ಅನ್ನೋ ಕೋಚ್. ಹಿಂದೆ ಗಟ್ಟಿ ಗೋಡೆ, ಮಧ್ಯೆ ಅಪಾಯದ ಪಾಸ್ ಕಡಿಮೆ, ಗೋಲಿಗೆ ಕಾರ್ನರ್, ಫ್ರೀ ಕಿಕ್, ಉದ್ದದ ಥ್ರೋ. ಭೇಕೆ ಸೈಡ್‌ಲೈನಿನಿಂದ ಬಾಲನ್ನ ಪೆನಾಲ್ಟಿ ಬಾಕ್ಸಿಗೇ ಎಸೀತಿದ್ದದ್ದು ನೆನಪಿರಬಹುದು. ಎರಿಕ್ ಪಾರ್ಟಾಲು, ಹುವಾನನ್‌ರಂಥ ಎತ್ತರದ ಆಳುಗಳು ಒಳಗೆ ಕಾಯ್ತಿದ್ದರು. ಇದನ್ನ ಹಗುರವಾಗಿ ನೋಡಬಾರದು. ಓಡುತ್ತಿರುವ ಆಟದಲ್ಲಿ ಇಪ್ಪತ್ತೆರಡು ಜನ ಎಲ್ಲೆಲ್ಲಿರ್ತಾರೆ ಅಂತ ಯಾರಿಗೂ ಗೊತ್ತಿರಲ್ಲ. ಕಾರ್ನರ್‌ನಲ್ಲಿ ಬಾಲು ನಿಂತಿರುತ್ತೆ, ಯಾರು ಎಲ್ಲಿ ನಿಲ್ಲಬೇಕು ಅಂತ ನೀವೇ ತೀರ್ಮಾನ ಮಾಡಬಹುದು. ಅಂದ್ರೆ ಇನಿಶಿಯಲ್ ಕಂಡಿಷನ್ ನಿಮ್ಮ ಕೈಲಿದೆ. ಲ್ಯಾಬಿನಲ್ಲಿ ಒಂದೇ ಪ್ರಯೋಗವನ್ನ ನೂರು ಸಲ ಮಾಡಿದ ಹಾಗೆ ಅಭ್ಯಾಸ ಮಾಡಬಹುದು. ಒಂದೊಂದು ಕಾರ್ನರ್ ಗೋಲಾಗೋ ಸಾಧ್ಯತೆ ತೀರಾ ಕಮ್ಮಿ, ನೂರಕ್ಕೆ ಎರಡೋ ಮೂರೋ ಅಷ್ಟೇ. ಆದ್ರೆ ಎರಡೂ ಕಡೆ ಗೋಲೇ ಬರದ ಫೈನಲ್‌ನಲ್ಲಿ ಅದೊಂದು ಸಾಕು.

ತಮಾಷೆ ಏನಂದ್ರೆ, ಕ್ವಾಡ್ರಾಟ್ ಬಾರ್ಸಿಲೋನಾದ ಯುವ ಅಕಾಡೆಮಿಯಲ್ಲಿ ಬೆಳೆದವರು. ಆ ಫೈನಲ್‌ನಲ್ಲಿ ಎದುರಿಗಿದ್ದ ಗೋವಾ ಕೋಚ್ ಸರ್ಜಿಯೊ ಲೊಬೆರಾ ಕೂಡ ಬಾರ್ಸಿಲೋನಾದಲ್ಲಿ ಕೆಲಸ ಮಾಡಿದವರೇ. ಒಂದೇ ಮಠದ ಇಬ್ಬರು, ಎರಡು ದಾರಿ. ಹಾಗಾಗಿ ಹೋಲಿಕೆಗೆ ಇವರಿಬ್ಬರಿಗಿಂತ ಒಳ್ಳೆ ಜೋಡಿ ಸಿಗಲ್ಲ.

2018–19ರ ಲೀಗ್ ಪಟ್ಟಿ ನೋಡಿ. ಬೆಂಗಳೂರು 18 ಪಂದ್ಯ: 10 ಗೆಲುವು, 4 ಡ್ರಾ, 4 ಸೋಲು, 34 ಪಾಯಿಂಟ್. ಗೋವಾನೂ ಅಷ್ಟೇ, 10, 4, 4, 34. ಗೋಲು ಮಾತ್ರ ಬೇರೆ. ಗೋವಾ 36 ಹೊಡೆದು 20 ಬಿಟ್ಟುಕೊಟ್ಟಿತ್ತು, ನಾವು 29 ಹೊಡೆದು 22. ಗೋಲು ವ್ಯತ್ಯಾಸದಲ್ಲಿ ಅವರು 16, ನಾವು 7. ಆದ್ರೂ ಪಟ್ಟಿಯ ತುದಿಯಲ್ಲಿ ನಾವಿದ್ದೆವು, ಯಾಕಂದ್ರೆ ಪಾಯಿಂಟ್ ಸಮ ಆದಾಗ ಪರಸ್ಪರ ಪಂದ್ಯ ನೋಡ್ತಾರೆ, ಲೀಗ್‌ನಲ್ಲಿ ಗೋವಾವನ್ನ ಎರಡೂ ಸಲ ಸೋಲಿಸಿದ್ವಿ. ಆಮೇಲೆ ಫೈನಲ್‌ನಲ್ಲೂ. ಲೀಗ್ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ತಂಡವೇ ಐಎಸ್‌ಎಲ್ ಕಪ್ಪನ್ನೂ ಎತ್ತಿದ್ದು ಅದೇ ಮೊದಲು. "ಕೆಲಸ ಆದ್ರೆ ಸಾಕು" ಅನ್ನೋ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ಮುಂದಿನ ಸೀಸನ್‌ನಲ್ಲೇ ಕಥೆ ತಿರುಗಿತು. ಮಿಕು ಬಿಟ್ಟು ಹೋಗಿದ್ದರು. ಅವರ ಜಾಗಕ್ಕೆ ಬಂದ ಮ್ಯಾನುಯೆಲ್ ಒನ್ವು ಮಧ್ಯದಲ್ಲೇ ಸಾಲದ ಮೇಲೆ ಒಡಿಶಾಗೆ ಹೋದರು. 18 ಲೀಗ್ ಪಂದ್ಯದಲ್ಲಿ ನಾವು ಹೊಡೆದದ್ದು 22 ಗೋಲು, ಅದರಲ್ಲಿ 9 ಛೆಟ್ರಿಯದ್ದೇ. ಬಿಟ್ಟುಕೊಟ್ಟದ್ದು ಬರೀ 13. ಅದೇ ಸೀಸನ್‌ನಲ್ಲಿ ಗೋವಾ 46 ಹೊಡೆದು 23 ಬಿಟ್ಟುಕೊಟ್ಟಿತು.

ಈಗ ಪಾಯ್ಸನ್ ಡಿಸ್ಟ್ರಿಬ್ಯೂಷನ್ ತೆಗೀರಿ. ಒಂದು ನಿರ್ದಿಷ್ಟ ಅವಧಿಯಲ್ಲಿ ಅಪರೂಪಕ್ಕೆ, ಒಂದಕ್ಕೊಂದು ಸಂಬಂಧ ಇಲ್ಲದೆ ನಡೆಯೋ ಘಟನೆಗಳಿಗೆ ಹೊಂದೋ ಹಂಚಿಕೆ ಅದು. ಎಕ್ಸಾಮಿನಲ್ಲಿ ಕೆಟ್ಟ ಬಲ್ಬು, ಫೋನ್ ಕರೆ ಅಂತ ಕೇಳ್ತಾರೆ. ಗೋಲಿಗೂ ಚೆನ್ನಾಗಿ ಹೊಂದುತ್ತೆ. ಬೆಂಗಳೂರಿನ ಸರಾಸರಿ ಪಂದ್ಯಕ್ಕೆ 22 ಭಾಗ 18, ಅಂದ್ರೆ 1.22. ಬಿಟ್ಟುಕೊಡೋ ಸರಾಸರಿ 0.72. ಎದುರಾಳಿ ಸೊನ್ನೆ ಗೋಲು ಹೊಡೆಯೋ ಸಾಧ್ಯತೆ ಬೇಕಂದ್ರೆ ಕ್ಯಾಲ್ಕುಲೇಟರಿನಲ್ಲಿ ಇ ಘಾತ ಮೈನಸ್ 0.72 ಒತ್ತಿ, 0.487 ಬರುತ್ತೆ. ಹೆಚ್ಚೂಕಮ್ಮಿ ಎರಡಕ್ಕೊಂದು ಪಂದ್ಯದಲ್ಲಿ ಗೋಲೇ ಬಿಟ್ಟುಕೊಡಲ್ಲ ಅಂತಾಯ್ತು. ಎರಡೂ ತಂಡದ ಗೋಲು ಸ್ವತಂತ್ರ ಅಂದ್ಕೊಂಡು ಎಲ್ಲ ಸ್ಕೋರ್‌ಗಳನ್ನೂ ಹೀಗೇ ಗುಣಿಸಿ ಕೂಡಿದ್ರೆ ಗೆಲುವು 48%, ಡ್ರಾ 30%, ಸೋಲು 22%. ಹದಿನೆಂಟು ಪಂದ್ಯಕ್ಕೆ 8.7, 5.4, 3.9. ನಿಜವಾಗಿ ಬಂದದ್ದು? 8 ಗೆಲುವು, 6 ಡ್ರಾ, 4 ಸೋಲು. ಗೋವಾಗೆ ಅದೇ ಲೆಕ್ಕ ಹಾಕಿದ್ರೆ 11.7, 3.2, 3.1. ನಿಜವಾಗಿ ಬಂದದ್ದು 12, 3, 3. ಇಷ್ಟು ಸರಳ ಮಾಡೆಲ್ ಇಷ್ಟು ಹತ್ತಿರ ಬರುತ್ತೆ ಅಂತ ಮೊದಲ ಸಲ ಗುಣಿಸಿದಾಗ ನಾನೂ ನಂಬಲಿಲ್ಲ, ಇನ್ನೊಂದು ಸಲ ಗುಣಿಸಿದೆ.

ಈಗ ಮುಖ್ಯ ಪ್ರಶ್ನೆ. ಬಿಗಿಯಾಗಿ ಆಡೋದು ನಿಜಕ್ಕೂ ಸೇಫಾ?

ಒಂದು ಕಾಲ್ಪನಿಕ ಪಂದ್ಯ ತಗೊಳ್ಳಿ. ಎರಡು ತಂಡದ ಬಲ 60:40 ಇರಲಿ. ಬಲವಾದ ತಂಡ ಬಿಗಿಯಾಗಿ ಆಡಿ ಪಂದ್ಯದ ಒಟ್ಟು ಗೋಲನ್ನ ಸರಾಸರಿ 2ಕ್ಕೆ ಇಳಿಸಿತು ಅಂದ್ಕೊಳ್ಳೋಣ, ಅಂದ್ರೆ 1.2 ಮತ್ತು 0.8. ಪಾಯ್ಸನ್ ಹೇಳೋದು: ಗೆಲುವು 45%, ಡ್ರಾ 30%, ಸೋಲು 25%. ಅದೇ ತಂಡ ಬಿಚ್ಚಿ ಆಡಿತು, ಒಟ್ಟು ಗೋಲು 4ಕ್ಕೆ ಏರಿತು, 2.4 ಮತ್ತು 1.6. ಈಗ ಗೆಲುವು 55%, ಡ್ರಾ 19%, ಸೋಲು 25%. ಸೋಲಿನ ಅಂಕಿ ನೋಡಿ, ಎರಡೂ ಕಡೆ ಕಾಲು ಭಾಗವೇ. ಬಿಗಿ ಆಟ ಸೋಲನ್ನ ತಪ್ಪಿಸಲಿಲ್ಲ. ಗೆಲ್ಲಬೇಕಾಗಿದ್ದ ಪಂದ್ಯಗಳನ್ನ ಡ್ರಾ ಮಾಡಿತು. ಗೆಲುವಿಗೆ 3, ಡ್ರಾಗೆ 1 ಅನ್ನೋ ಲೀಗ್‌ನಲ್ಲಿ ಅದು ಸಣ್ಣ ನಷ್ಟವಲ್ಲ.

ಇದೇ ಅಂಕಿಯನ್ನ ದುರ್ಬಲ ತಂಡದ ಕಡೆಯಿಂದ ಓದಿ. ಬಿಚ್ಚಿ ಆಡಿದ್ರೆ 55% ಸೋಲು, ಬಿಗಿಯಾಗಿ ಆಡಿದ್ರೆ 45%. ಗೆಲುವಿನ ಅವಕಾಶ ಎರಡರಲ್ಲೂ ಅಷ್ಟೇ. ಅಂದ್ರೆ ಬಿಗಿ ಆಟ ದುರ್ಬಲನಿಗೆ ಪುಕ್ಕಟೆ ಲಾಭ, ಬಲವಂತನಿಗೆ ಕೈಯಿಂದ ಖರ್ಚು. (ಇದು ಪೂರ್ತಿ ನಿಜದ ಆಟವಲ್ಲ, ಒಂದು ಗೋಲು ಬಿದ್ದ ಮೇಲೆ ಎರಡೂ ತಂಡ ಆಡೋ ರೀತಿ ಬದಲಾಗುತ್ತೆ, ದಣಿವು ಇರುತ್ತೆ, ರೆಫ್ರಿ ಇರ್ತಾರೆ. ಆದ್ರೆ ದಿಕ್ಕು ಸರಿ.)

ಇಲ್ಲಿಗೆ ನನ್ನ ಎರಡು ಪಾರ್ಟಿಗೂ ಉತ್ತರ ಸಿಕ್ಕಿತು. 2019ರ ಫೈನಲ್‌ನಲ್ಲಿ ಎದುರಿಗಿದ್ದದ್ದು ನಮಗಿಂತ ಹೆಚ್ಚು ಗೋಲು ಹೊಡೆಯೋ ತಂಡ. ಅವತ್ತು ಪಂದ್ಯವನ್ನ ಹಿಂಡಿ ಹಿಂಡಿ ಒಂದೇ ಗೋಲಿಗೆ ಇಳಿಸಿದ್ದು ಬುದ್ಧಿವಂತಿಕೆ, ಅದಕ್ಕೆ ಕ್ವಾಡ್ರಾಟ್‌ಗೆ ಕೈ ಮುಗೀಬೇಕು. ಆದ್ರೆ ಛೆಟ್ರಿ, ಗುರುಪ್ರೀತ್, ಉದಾಂತ, ಆಶಿಕ್ ಇದ್ದ ತಂಡ ಪಟ್ಟಿಯ ಕೆಳಗಿನವರ ಎದುರಿಗೂ ಅದೇ ಥರ ಆಡಿದಾಗ, ಸ್ಟ್ಯಾಂಡಿನಲ್ಲಿ ಕೂತವನಿಗೆ ಹೊಟ್ಟೆ ಉರಿಯೋದು ಬರೀ ಸೌಂದರ್ಯಪ್ರಜ್ಞೆಯಿಂದಲ್ಲ. ಕೈಲಿರೋ ಬಲವನ್ನ ಯಾಕೆ ಬಳಸ್ತಿಲ್ಲ ಅನ್ನೋ ಪ್ರಶ್ನೆ ಅದು. ರೋಕಾ ಕಾಲದಲ್ಲಿ ಇದೇ ಕ್ಲಬ್ 18 ಪಂದ್ಯದಲ್ಲಿ 35 ಗೋಲು ಹೊಡೆದು, ಬರೀ 16 ಬಿಟ್ಟುಕೊಟ್ಟು, ಒಂದೇ ಒಂದು ಡ್ರಾ ಮಾಡಿ 40 ಪಾಯಿಂಟ್ ಗಳಿಸಿತ್ತು. ಎರಡು ವರ್ಷದಲ್ಲಿ ಡ್ರಾ ಒಂದರಿಂದ ಆರಾಯ್ತು, ಪಾಯಿಂಟ್ ಮೂವತ್ತಕ್ಕೆ ಇಳೀತು. ಸೋಲು ಎರಡೂ ಸೀಸನ್‌ನಲ್ಲಿ ನಾಲ್ಕೇ! ಮೇಲಿನ ಕಾಲ್ಪನಿಕ ಪಂದ್ಯ ಹೇಳಿದ್ದೂ ಇದನ್ನೇ.

ಕ್ವಾಡ್ರಾಟ್ ಪರ ವಾದ ಇಲ್ಲ ಅಂತಲ್ಲ. ಸ್ಟ್ರೈಕರ್ ಇಲ್ಲದವನು ಬಿಚ್ಚಿ ಆಡಿದ್ರೆ ಗೋಲು ಎಲ್ಲಿಂದ ಬರಬೇಕು? ಪಿಜಿಯಲ್ಲಿ ಅಡುಗೆ ಭಟ್ಟರಿಗೆ ಬೇಳೆ ಕೊಡದೆ ಸಾರು ತೆಳ್ಳಗಾಯ್ತು ಅಂತ ಬೈದ ಹಾಗಾಗುತ್ತೆ. ಆ ಸೀಸನ್‌ನಲ್ಲಿ 13 ಗೋಲಷ್ಟೇ ಬಿಟ್ಟುಕೊಟ್ಟು ಮೂರನೇ ಸ್ಥಾನಕ್ಕೆ ಬಂದದ್ದೇ ಒಂದು ಸಾಧನೆ ಅನ್ನೋರ ಮಾತನ್ನ ನಾನು ತಳ್ಳಿಹಾಕಲ್ಲ.

ಆದ್ರೆ ಸೆಮಿಫೈನಲ್ ನೆನಪಾದ್ರೆ ಮತ್ತೆ ಇನ್ನೊಂದು ಪಾರ್ಟಿಗೆ ಹೋಗ್ತೀನಿ. 2020ರ ಮಾರ್ಚ್. ಕಂಠೀರವದಲ್ಲಿ ಎಟಿಕೆ ಎದುರು 1–0 ಗೆಲುವು, ಡೆಶಾರ್ನ್ ಬ್ರೌನ್ ಗೋಲು. ಕೋಲ್ಕತ್ತಾದಲ್ಲಿ ಐದನೇ ನಿಮಿಷಕ್ಕೇ ಆಶಿಕ್ ಗೋಲು, ಒಟ್ಟು 2–0. ಅಲ್ಲಿಂದ ರಾಯ್ ಕೃಷ್ಣ ಒಂದು, ಡೇವಿಡ್ ವಿಲಿಯಮ್ಸ್ ಎರಡು. ಒಟ್ಟು 2–3. ಕಾಯ್ದುಕೊಳ್ಳೋದನ್ನೇ ಕಸುಬು ಮಾಡ್ಕೊಂಡ ತಂಡ ಎರಡು ಗೋಲಿನ ಮುನ್ನಡೆ ಕಾಯ್ದುಕೊಳ್ಳಲಿಲ್ಲ.

2020–21ರ ಸೀಸನ್ ಕೊರೊನಾ ಕಾರಣಕ್ಕೆ ಪೂರ್ತಿ ಗೋವಾದಲ್ಲೇ, ಪ್ರೇಕ್ಷಕರಿಲ್ಲದೆ ನಡೀತು. ಮೊದಲ ಆರು ಪಂದ್ಯ ಸೋಲಿಲ್ಲ. ಆಮೇಲೆ ಎಟಿಕೆ ಮೋಹನ್ ಬಾಗಾನ್ ಎದುರು 0–1, ಜಮ್ಶೆಡ್‌ಪುರ ಎದುರು 0–1, 2021ರ ಜನವರಿ 5ರಂದು ಮುಂಬೈ ಸಿಟಿ ಎದುರು 1–3. ಮಾರನೇ ದಿನ ಕ್ವಾಡ್ರಾಟ್ ಮತ್ತು ಕ್ಲಬ್ ಬೇರೆಯಾದವು. ಆ ಮುಂಬೈ ತಂಡದ ಕೋಚ್ ಯಾರು ಗೊತ್ತಾ? ಅದೇ ಲೊಬೆರಾ. ಆ ಸೀಸನ್‌ನಲ್ಲಿ ಅವರು ಲೀಗ್ ಶೀಲ್ಡ್, ಕಪ್ ಎರಡೂ ಗೆದ್ದರು. ನಾವು ಏಳನೇ ಸ್ಥಾನ, ಮೊದಲ ಸಲ ಪ್ಲೇಆಫ್ ಇಲ್ಲ.

ಇಲ್ಲಿ ಒಂದು ಕಟು ಸತ್ಯ ಇದೆ. ಚೆಂದದ ಆಟ ಆಡಿಸೋ ಕೋಚ್ ಮೂರು ಪಂದ್ಯ ಸೋತ್ರೆ "ಪಾಪ, ಆಟ ಚೆನ್ನಾಗಿತ್ತು, ಲಕ್ ಇರಲಿಲ್ಲ" ಅಂತೀವಿ. ಫಲಿತಾಂಶ ಬಿಟ್ಟು ಬೇರೇನೂ ಕೊಡದ ಕೋಚ್‌ಗೆ ಆ ಸಾಲ ಸಿಗಲ್ಲ. ಕಪ್ ತಂದುಕೊಟ್ಟವರಿಗೂ ಸಿಗಲಿಲ್ಲ. ಇದು ನ್ಯಾಯವಾ ಅಂತ ಕೇಳಿದ್ರೆ ನನಗೆ ಕಸಿವಿಸಿ ಆಗುತ್ತೆ, ಯಾಕಂದ್ರೆ 117ನೇ ನಿಮಿಷದ ಆ ಹೆಡ್ಡರ್ ವಿಡಿಯೊ ನನ್ನ ಫೋನಲ್ಲಿ ಇನ್ನೂ ಇದೆ, ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಹೋದ ದಿನ ಈಗಲೂ ಅದನ್ನೇ ಹಾಕ್ಕೊಂಡು ನೋಡ್ತೀನಿ.

ಮುಂದೆ ಕ್ವಾಡ್ರಾಟ್ ಈಸ್ಟ್ ಬೆಂಗಾಲ್‌ಗೆ ಹೋದರು. 2024ರ ಜನವರಿ 28ರಂದು ಭುವನೇಶ್ವರದಲ್ಲಿ ಸೂಪರ್ ಕಪ್ ಫೈನಲ್, ಎದುರಾಳಿ ಒಡಿಶಾ. ಕೋಚ್ ಮತ್ತೆ ಲೊಬೆರಾ, ಮಧ್ಯದಲ್ಲಿ ಮತ್ತೆ ಜಾಹೂ. ಮತ್ತೆ ಹೆಚ್ಚುವರಿ ಸಮಯ. 111ನೇ ನಿಮಿಷಕ್ಕೆ ನಮ್ಮ ಹಳೇ ಆಟಗಾರ ಕ್ಲೀಟನ್ ಸಿಲ್ವಾ ಗೋಲು. ಈ ಸಲ ಸ್ಕೋರು 1–0 ಅಲ್ಲ, 3–2. ಹನ್ನೆರಡು ವರ್ಷದ ನಂತರ ಈಸ್ಟ್ ಬೆಂಗಾಲ್‌ಗೆ ರಾಷ್ಟ್ರೀಯ ಮಟ್ಟದ ಕಪ್ಪು ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಐಎಸ್‌ಎಲ್‌ನ ಮೊದಲ ಮೂರು ಪಂದ್ಯ ಸೋತರು. ತಿಂಗಳು ಮುಗಿಯೋ ಹೊತ್ತಿಗೆ ಅಲ್ಲಿಂದಲೂ ಹೊರಟರು.